ಪೇಪರಿನ ಲೇಖನಕ್ಕೂ ಸಂಶೋಧನಾ ಪ್ರಬಂಧಕ್ಕೂ ಏನು ವ್ಯತ್ಯಾಸ?

"ಇದು ಪೇಪರಿಗೆ ಬರೆದ ಲೇಖನದ ಹಾಗಿದೆ" ಅಂತ ಗೈಡ್ ಮೊದಲ ಅಧ್ಯಾಯ ವಾಪಸ್ ಕೊಟ್ಟರು, ಭಾಷೆಯನ್ನು ಇನ್ನೂ ಗಟ್ಟಿ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ, ದಯವಿಟ್ಟು ಬೇಡ. ಕಷ್ಟದ ಶಬ್ದ ತುರುಕಿದರೆ ಪ್ರಬಂಧ ಆಗುವುದಿಲ್ಲ. ನೀವು ಹೇಳಿದ ಮಾತು ಹೌದಾ ಅಲ್ವಾ ಅಂತ ಓದುವವರು ತಾವೇ ಹೋಗಿ ನೋಡುವ ಹಾಗಿರಬೇಕು. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮಂಗಳೂರಿನಲ್ಲಿ ಎಂ.ಎ. ಓದುವಾಗ ನಾನು ಹಂಚಿನ ಕಾರ್ಖಾನೆಗಳ ಮೇಲೆ ಕಿರುಪ್ರಬಂಧ ಬರೆದಿದ್ದೆ. ಮೊದಲ ಕರಡಿನಲ್ಲಿ ಹೀಗೊಂದು ವಾಕ್ಯ ಇತ್ತು: "ತಾರಸಿ ಮನೆಗಳು ಬಂದದ್ದರಿಂದ ಕರಾವಳಿಯ ಹಂಚಿನ ಕಾರ್ಖಾನೆಗಳೆಲ್ಲ ಮುಚ್ಚಿಹೋದವು ಎನ್ನಲಾಗಿದೆ." ಗೈಡ್ ಕೆಂಪು ಪೆನ್ನಿನಲ್ಲಿ ಮೂರು ಕಡೆ ಗೆರೆ ಎಳೆದರು. "ಎನ್ನಲಾಗಿದೆ" ಅಂದರೆ, ಹೇಳಿದವರು ಯಾರು? "ಎಲ್ಲ" ಅಂದರೆ, ಲೆಕ್ಕ ಹಾಕಿದ್ದೀರಾ? "ಬಂದದ್ದರಿಂದ" ಅಂದರೆ, ಅದೊಂದೇ ಕಾರಣವಾ, ಆವೆಮಣ್ಣು, ಕಟ್ಟಿಗೆ, ಕೂಲಿ ಇದೆಲ್ಲ ಎಲ್ಲಿ ಹೋಯಿತು? ತಿದ್ದಿದ ಮೇಲೆ ಅದು ಹೀಗಾಯಿತು: "ನಾನು ಮಾತಾಡಿಸಿದ ಐವರು ಹಳೆಯ ಕೆಲಸಗಾರರಲ್ಲಿ ಮೂವರು ತಾರಸಿ ಮನೆಗಳನ್ನು ಮುಖ್ಯ ಕಾರಣವೆಂದರು, ಇಬ್ಬರು ಕಟ್ಟಿಗೆಯ ಬೆಲೆಯನ್ನು ಹೇಳಿದರು." ಶಬ್ದಗಳು ಮೊದಲಿಗಿಂತ ಸುಲಭ, ಆದರೆ ಈಗ ಇದು ಪ್ರಬಂಧದ ವಾಕ್ಯ. ಎಷ್ಟು ಗೊತ್ತೋ ಅಷ್ಟೇ ಹೇಳುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಈ "ಎನ್ನಲಾಗಿದೆ", "ತಿಳಿದುಬರುತ್ತದೆ" ಬಹಳ ಬೇಗ ಕೈಗೆ ಬರುತ್ತವೆ, ಅವನ್ನು ಕಂಡಲ್ಲೆಲ್ಲ ನಿಲ್ಲಿ.

ಊರಿಗೆಲ್ಲ ಗೊತ್ತಿರುವ ಸಂಗತಿಗೂ ಆಧಾರ ಕೊಡಬೇಕಾ ಅಂತಲೂ ಕೇಳಿದ್ದೀರಿ. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು ಅನ್ನುವುದನ್ನು ಇಲ್ಲಿ ಯಾರೂ ಅಲ್ಲಗಳೆಯುವುದಿಲ್ಲ, ಆದರೂ ನಿಮ್ಮ ವಾದ ಅದರ ಮೇಲೆ ನಿಂತಿದ್ದರೆ ಪುಸ್ತಕ, ವರ್ಷ, ಪುಟ ಕೊಡಿ. "ಅದರಿಂದ ಜನರ ಬದುಕೇ ಬದಲಾಯಿತು" ಅನ್ನುವುದು ಬೇರೆ ಜಾತಿಯ ಮಾತು. ಅದು ನಿಮ್ಮ ವಾದ, ಅದಕ್ಕೆ ಪುರಾವೆ ಬೇಕು.

ರಚನೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಿಜ್ಞಾನದವರು ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅಂತ ಹೋಗುತ್ತಾರೆ. ನಮ್ಮ ಕಡೆ ಅಧ್ಯಾಯಗಳು ವಾದದ ಪ್ರಕಾರ ಬರುತ್ತವೆ, ಆದರೂ ಪ್ರಶ್ನೆ ಏನು, ಹಿಂದಿನವರು ಏನು ಹೇಳಿದ್ದಾರೆ, ನಾನು ಹೇಗೆ ಹುಡುಕಿದೆ, ಏನು ಸಿಕ್ಕಿತು ಅನ್ನುವ ದಾರಿ ಒಂದೇ. ಹೆಚ್ಚಿನವರು ಎಡವುವುದು ಹಿಂದಿನ ಅಧ್ಯಯನಗಳ ಭಾಗದಲ್ಲಿ. ಒಂದು ಪುಸ್ತಕಕ್ಕೆ ಒಂದು ಪ್ಯಾರಾ ಅಂತ ಸುಮ್ನೆ ಸಾಲಾಗಿ ಇಡುತ್ತಾರೆ. ಆ ಪುಸ್ತಕ ಬರೆದವರೊಳಗೆ ಎಲ್ಲಿ ಜಗಳ ಇದೆ, ಯಾರೂ ಮುಟ್ಟದ ಜಾಗ ಯಾವುದು, ಅದನ್ನು ಬರೆಯಿರಿ, ನಿಮ್ಮ ಪ್ರಶ್ನೆ ಹುಟ್ಟುವುದೇ ಅಲ್ಲಿ. ಎಲ್ಲ ಬರೆದಾದ ಮೇಲೆ ಪೀಠಿಕೆಯನ್ನು ಮತ್ತೊಮ್ಮೆ ಹೊಸದಾಗಿ ಬರೆಯಿರಿ.

ಇನ್ನು ಕೃತಿಚೌರ್ಯ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ ಬೇರೆ ಬರಹಗಳೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಆ ಧೈರ್ಯದಲ್ಲಿ ಬೇರೆಯವರ ವಾಕ್ಯದ ಶಬ್ದ ಬದಲಿಸಿ ಇಟ್ಟುಕೊಳ್ಳಬೇಡಿ. ಶಬ್ದ ನಿಮ್ಮದಾದರೂ ಯೋಚನೆ ಅವರದ್ದು, ಅವರ ಹೆಸರು ಹೇಳಲೇಬೇಕು.

ವಾಪಸ್ ಬಂದ ಅಧ್ಯಾಯವನ್ನೇ ಇವತ್ತು ತೆಗೆಯಿರಿ. ಒಂದೊಂದೇ ವಾಕ್ಯದ ಬದಿಯಲ್ಲಿ "ಹೇಗೆ ಗೊತ್ತು?" ಅಂತ ಪೆನ್ಸಿಲಿನಲ್ಲಿ ಬರೆದು ಉತ್ತರ ಹುಡುಕಿ. ಸಿಗದ ವಾಕ್ಯ ಇದ್ದರೆ ಇಲ್ಲಿ ಹಾಕಿ, ಒಟ್ಟಿಗೆ ನೋಡುವ.