ಮಲೆನಾಡಿನ ಮನೆಯೂಟ ಉಣ್ಣುವವರಿಗೂ ಹೃದಯದ ತೊಂದರೆ ಬರುವುದೇಕೆ?

ಮೊದಲು ಉಪ್ಪಿನ ಕಡೆ ನೋಡಿ. ಸಾಗರ, ಹೊಸನಗರದ ಕಡೆ ಬೆಳಗಿನ ಗಂಜಿಗೆ ಅಪ್ಪೆಮಿಡಿ (ಎಳೆ ಮಾವಿನಕಾಯಿಯ ಉಪ್ಪಿನಕಾಯಿ), ಮಧ್ಯಾಹ್ನ ಮಜ್ಜಿಗೆ ಅನ್ನಕ್ಕೆ ಇನ್ನೊಂದು ಮಿಡಿ, ಮಳೆಗಾಲದ ಸಂಜೆ ಹಲಸಿನ ಹಪ್ಪಳ. ಮಿಡಿಯನ್ನು ಸುಕ್ಕುಗಟ್ಟುವವರೆಗೆ ಉಪ್ಪಿನಲ್ಲಿ ಹಾಕಿಟ್ಟು, ಅದು ಬಿಟ್ಟ ನೀರಿನಲ್ಲೇ ಸಾಸಿವೆ, ಮೆಣಸು ಅರೆದು ಬೆರೆಸುತ್ತಾರೆ. ಹಾಗಾಗಿ ರಸವೂ ಉಪ್ಪೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದಾಜು ಒಂದು ಟೀ ಚಮಚ. ಅದೂ ಸಾರು, ಪಲ್ಯ ಎಲ್ಲ ಸೇರಿ!

ಉಪ್ಪಿನಲ್ಲಿರುವ ಸೋಡಿಯಂ ಹೆಚ್ಚಾದರೆ ಅದು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣವೂ ಒತ್ತಡವೂ ಏರುತ್ತವೆ. ಆ ಒತ್ತಡದ ಎದುರು ವರ್ಷಗಟ್ಟಲೆ ದುಡಿದು ಹೃದಯದ ಎಡ ಕೋಣೆಯ ಗೋಡೆ ದಪ್ಪವಾಗುತ್ತದೆ, ರಕ್ತನಾಳಗಳು ಪೆಡಸಾಗುತ್ತವೆ. ನೋವಿಲ್ಲದ್ದರಿಂದ ಬಹಳ ಕಾಲ ಗೊತ್ತೇ ಆಗುವುದಿಲ್ಲ. ಅತಿಯಾದ ಸೋಡಿಯಂನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 18.9 ಲಕ್ಷ ಸಾವು ಎಂಬುದು ಅದೇ ಸಂಸ್ಥೆಯ ಅಂದಾಜು.

ಮಿಡಿ ಬಿಟ್ಟುಬಿಡಿ ಎಂದು ಮಲೆನಾಡಿಗರಿಗೆ ಹೇಳುವ ಧೈರ್ಯ ನನಗಿಲ್ಲ. ಅರ್ಧ ಮಿಡಿ ಸಾಕು, ರಸ ಬೇಡ. ಮಜ್ಜಿಗೆಗೆ ಉಪ್ಪು ಹಾಕಬೇಡಿ. ಹಪ್ಪಳ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.