ದುಡಿದರೆ ಬಡತನ ಹೋಗುವುದಿಲ್ವಾ?

ಪ್ರಶ್ನೆ: "ಬಡತನದಲ್ಲಿ ಹುಟ್ಟಿ ಬೆಳೆದವರಿಗೆ ಅದರಿಂದ ಹೊರಗೆ ಬರುವುದು ಯಾಕೆ ಅಷ್ಟು ಕಷ್ಟ? ಮನಸ್ಸಿಟ್ಟು ದುಡಿದರೆ ಸಾಲದೇ? ಅಥವಾ ಇದು ಮನಸ್ಥಿತಿಯ ಸಮಸ್ಯೆಯೇ?"

ಸಾಲುವುದಿಲ್ಲ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ನಮ್ಮ ಮನೆಯಲ್ಲಿ ದುಡಿಯದೆ ಕೂತವರನ್ನು ನಾನು ನೋಡಿಯೇ ಇಲ್ಲ. ಅಜ್ಜಿ ಕೂಡ ಕಣ್ಣು ಮಂಜಾಗುವವರೆಗೆ ಅಡಿಕೆ ಸುಲಿಯಲು ಹೋಗುತ್ತಿದ್ದರು. ದುಡಿಮೆಗೆ ನಮ್ಮಲ್ಲಿ ಯಾವತ್ತೂ ಬರ ಇರಲಿಲ್ಲ, ದುಡಿದದ್ದು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಯಾಕೆ ನಿಲ್ಲುತ್ತಿರಲಿಲ್ಲ ಅನ್ನುವುದನ್ನು ನಾನು ಕಂಡ ಹಾಗೆ ಹೇಳುತ್ತೇನೆ.

ಮೊದಲು ಒಂದು ಮಾತು. ಬಡವರಾಗಿ ಹುಟ್ಟಿದರೂ ಕೇರಳದಲ್ಲಿ ಹುಟ್ಟಿದ್ದು ನಮ್ಮ ಪುಣ್ಯ ಅಂತಲೇ ನಾನು ಹೇಳುವುದು. ಅಜ್ಜ ಧಣಿಗಳ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರು. 1970ರ ಜನವರಿಯಲ್ಲಿ ಭೂಸುಧಾರಣೆ ಜಾರಿಗೆ ಬಂದಾಗ ಅಂಥವರಿಗೆ ಕುಡಿಕಿಡಪ್ಪು, ಅಂದರೆ ಗುಡಿಸಲು ಇದ್ದ ಜಾಗದ ಹಕ್ಕು ಸಿಕ್ಕಿತು. ಪಂಚಾಯತು ಪ್ರದೇಶದಲ್ಲಾದರೆ 10 ಸೆಂಟ್ಸ್ (ಎಕರೆಯ ಹತ್ತನೇ ಒಂದು ಪಾಲು) ಜಾಗ. ಆಮೇಲೆ ನಮ್ಮನ್ನು ಅಲ್ಲಿಂದ ಯಾರೂ ಎಬ್ಬಿಸುವ ಹಾಗಿರಲಿಲ್ಲ. ರೇಷನ್ ಅಕ್ಕಿ ಇತ್ತು. ಶಾಲೆಯಲ್ಲಿ ಮಧ್ಯಾಹ್ನ ಗಂಜಿ, ಹೆಸರುಕಾಳು ಇತ್ತು. ನೀತಿ ಆಯೋಗ 2019-21ರ ಸಮೀಕ್ಷೆ ಇಟ್ಟುಕೊಂಡು ಲೆಕ್ಕ ಹಾಕಿದಾಗ ಕೇರಳದಲ್ಲಿ ಬಡವರ ಪ್ರಮಾಣ ಶೇ. 0.55 ಅಂತ ಬಂತು, ಇಡೀ ದೇಶದಲ್ಲೇ ಕಡಿಮೆ. ಅದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಬಡವರಲ್ಲದವರ ಮನೆಯೊಳಗೆ ಬಂದು ನೋಡಬೇಕು. ಅಜ್ಜನ ಆ 10 ಸೆಂಟ್ಸಿನಲ್ಲಿ ಈಗ ಅಪ್ಪನದ್ದು, ಇಬ್ಬರು ಚಿಕ್ಕಪ್ಪಂದಿರದ್ದು ಸೇರಿ ಮೂರು ಮನೆಗಳಿವೆ. ಬಾವಿ ಒಂದೇ. ನಾಲ್ಕು ತೆಂಗು ಬಿಟ್ಟರೆ ಏನೂ ಬೆಳೆಯಲು ಜಾಗ ಇಲ್ಲ. ಜನ ಜಾಸ್ತಿ ಆದರು, ಜಾಗ ಅಷ್ಟೇ ಉಳಿಯಿತು.

ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಕಡೆ ಮಂಗಳೂರಿನ ಬೀಡಿ ಕಂಪನಿಗಳ ಬ್ರಾಂಚ್ ಊರೂರಲ್ಲಿ ಇದೆ. ಅಲ್ಲಿಂದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ತರಬೇಕು. ರಾತ್ರಿ ಎಲೆ ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಒಂದೊಂದೇ ಎಲೆ ಕತ್ತರಿಸಬೇಕು. ಆಮೇಲೆ ಗೆರಸೆ ಮಡಿಲಲ್ಲಿಟ್ಟು ಕೂತರೆ ಚಿಟಿಕೆ ಪುಡಿ ಹಾಕುವುದು, ಸುರುಳಿ ಮಾಡುವುದು, ನೂಲು ಸುತ್ತುವುದು, ಬಾಯಿ ಮಡಚುವುದು. 25 ಬೀಡಿಗೆ ಒಂದು ಕಟ್ಟು. ಕೂಲಿ ಸಾವಿರದ ಲೆಕ್ಕದಲ್ಲಿ. ಶಾಲೆಯಿಂದ ಬಂದ ಕೂಡಲೇ ಬಾಯಿ ಮಡಚುವುದು ನನ್ನ ಕೆಲಸ, ಕಟ್ಟು ಕಟ್ಟುವುದು ತಮ್ಮನ ಕೆಲಸ. ನಮ್ಮ ಪುಸ್ತಕ, ಬಟ್ಟೆ, ತಲೆಕೂದಲು ಎಲ್ಲಕ್ಕೂ ಹೊಗೆಸೊಪ್ಪಿನ ವಾಸನೆ.

ಕೊಟ್ಟ ಎಲೆಯಲ್ಲಿ ಇಷ್ಟು ಬೀಡಿ ಬರಲೇಬೇಕು ಅಂತ ಬ್ರಾಂಚಿನವರ ಲೆಕ್ಕ. ಎಲೆ ತೂತು ಇದ್ದರೆ, ಒಣಗಿ ಹರಿದರೆ ಬರುವುದಿಲ್ಲ. ಆಗ ಕಡಿಮೆ ಬಿದ್ದ ಎಲೆಯನ್ನು ನಮ್ಮ ದುಡ್ಡಿನಿಂದಲೇ ತರಬೇಕು. ಕೊಟ್ಟ ಬೀಡಿಯಲ್ಲಿ ಸರಿಯಿಲ್ಲದ್ದನ್ನು ತೆಗೆದು ಬಿಸಾಡುತ್ತಿದ್ದರು, ಅದಕ್ಕೆ ಕೂಲಿ ಇಲ್ಲ.

ಇದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇತ್ತು. ಅಮ್ಮ ವರ್ಷಗಟ್ಟಲೆ ಬೀಡಿ ಕೊಟ್ಟದ್ದು ನೆರೆಮನೆಯ ಅಕ್ಕನ ಪಾಸ್ ಪುಸ್ತಕದಲ್ಲಿ, ಅಂದರೆ ಕೊಟ್ಟ ಬೀಡಿಯ ಲೆಕ್ಕ ಬರೆಯುವ ಬ್ರಾಂಚಿನ ಪುಸ್ತಕದಲ್ಲಿ. ಅಮ್ಮನ ಹೆಸರಿಗೆ ಪುಸ್ತಕ ಮಾಡಿಕೊಟ್ಟಿರಲಿಲ್ಲ, ಕೇಳಿದಾಗೆಲ್ಲ ಮುಂದಿನ ತಿಂಗಳು ಅನ್ನುತ್ತಿದ್ದರು. ಆಗ ಇದ್ದ 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರು ಅಂತಲೇ ಒಪ್ಪಿತ್ತು. ಪಿ.ಎಫ್. ಇದೆ. ಮಕ್ಕಳ ಓದಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ. ಆದರೆ ಹೆಸರೇ ಇಲ್ಲದ ಮೇಲೆ ಅಮ್ಮನಿಗೆ ಪಿ.ಎಫ್. ಎಲ್ಲಿಂದ, ನನಗೆ ವಿದ್ಯಾರ್ಥಿವೇತನ ಎಲ್ಲಿಂದ? ಬೆನ್ನು ಬಗ್ಗಿದ್ದು ಅಮ್ಮನದ್ದು, ಕಾಗದದಲ್ಲಿ ಇದ್ದದ್ದು ಇನ್ನೊಬ್ಬರ ಹೆಸರು. ಆ ಅಕ್ಕನ ತಪ್ಪೂ ಅಲ್ಲ, ಅವರು ಉಪಕಾರವೇ ಮಾಡಿದ್ದು.

ಇನ್ನು ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲ. ತುಳುನಾಡಿನವರಿಗೆ ವಿವರಿಸಬೇಕಾಗಿಲ್ಲ. ಮಳೆ ಬಿಡುವುದಿಲ್ಲ, ತೋಟದಲ್ಲಿ ಕೂಲಿ ಸಿಗುವುದಿಲ್ಲ, ಬೀಡಿ ಎಲೆ ಬೂಸ್ಟು ಹಿಡಿಯುತ್ತದೆ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ತಗತೆ ಸೊಪ್ಪು ಈಗ ಮಂಗಳೂರಿನ ಹೋಟೆಲುಗಳಲ್ಲಿ ವಿಶೇಷ ಊಟ ಆಗಿದೆ. ನಮಗೆ ಅದು ದಿನದ ಊಟ. ಜೂನ್‌ನಲ್ಲಿ ಶಾಲೆ ಶುರು, ಕೊಡೆ, ಪುಸ್ತಕ, ಚಪ್ಪಲಿ. ಹಾಗಾಗಿ ಅಮ್ಮನ ಕಿವಿಯ ಬೆಂಡೋಲೆ ಜೂನ್‌ನಲ್ಲಿ ಅಡವು ಇಡಲು ಹೋಗಿ ಅಡಿಕೆ ಕೊಯ್ಲು ಮುಗಿದ ಮೇಲೆ ಮನೆಗೆ ಬರುತ್ತಿತ್ತು.

ಇಲ್ಲಿ ಒಂದು ವಿಷಯ ನೀವು ಗಮನಿಸಬೇಕು. ಆ ದಿನಗಳಲ್ಲಿ ತೋಟ ಇದ್ದವರು ಭೂಮಿಯ ತೀರ್ವೆ ರಶೀದಿ ತೋರಿಸಿ ಬ್ಯಾಂಕಿನಲ್ಲಿ ಚಿನ್ನ ಇಟ್ಟರೆ ಕೃಷಿ ಸಾಲ ಅಂತ ವರ್ಷಕ್ಕೆ ಶೇ. 4ರ ಬಡ್ಡಿಗೆ ದುಡ್ಡು ಸಿಗುತ್ತಿತ್ತು. ಅಮ್ಮ ಅದೇ ಚಿನ್ನವನ್ನು ಪೇಟೆಯ ಅಡವಿನ ಅಂಗಡಿಯಲ್ಲಿಟ್ಟು ಅದರ ಎಷ್ಟೋ ಪಾಲು ಜಾಸ್ತಿ ಬಡ್ಡಿ ಕಟ್ಟುತ್ತಿದ್ದರು. ಚಿನ್ನ ಒಂದೇ, ಬೆಲೆ ಒಂದೇ. ತೆಂಗಿನೆಣ್ಣೆಯೂ ಹಾಗೆಯೇ. ತಿಂಗಳಿಗೆ ಆಗುವಷ್ಟು ಒಟ್ಟಿಗೆ ತರಲು ದುಡ್ಡಿಲ್ಲದವರು ಕಾಲು ಲೀಟರ್ ಸಾಲಕ್ಕೆ ತಂದು ಹೆಚ್ಚು ಕೊಡುತ್ತಾರೆ. ಬಡವರಿಗೆ ಬದುಕು ಅಗ್ಗ ಅಂತ ಯಾರಾದರೂ ಹೇಳಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಇಷ್ಟಿದ್ದೂ ಅಪ್ಪ ಉಳಿಸಿದ್ದರು. ಅಪ್ಪ ಅಡಿಕೆ ಮರ ಹತ್ತುವವರು. ಅಡಿಕೆ ಗೊನೆ ತೆಗೆಯುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಮದ್ದು ಬಿಡುವುದು. ಆ ಕೆಲಸಕ್ಕೆ ಕೂಲಿ ಒಳ್ಳೆಯದೇ ಇತ್ತು. ಮಣ್ಣಿನ ಗೋಡೆ ತೆಗೆದು ಕೆಂಪುಕಲ್ಲಿನ ಮನೆ ಕಟ್ಟಬೇಕು ಅಂತ ಕೊಂಚ ಕೊಂಚವೇ ಕಲ್ಲು ತರಿಸಿ ಅಂಗಳದ ಬದಿಯಲ್ಲಿ ಪೇರಿಸಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮದ್ದು ಬಿಡಲು ಹತ್ತಿದ ಮರದಿಂದ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟು.

ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಅಪ್ಪ ಬಿದ್ದಾಗ ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜು ಇರಲಿಲ್ಲ. ಉಕ್ಕಿನಡ್ಕದಲ್ಲಿ ಅದಕ್ಕೆ ಶಿಲಾನ್ಯಾಸ ಆದದ್ದೇ 2013ರಲ್ಲಿ. ದೊಡ್ಡ ಪೆಟ್ಟಿಗೆ, ದೊಡ್ಡ ಕಾಯಿಲೆಗೆ ನಮಗೆ ಮಂಗಳೂರೇ ಗತಿ. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ಆಂಬುಲೆನ್ಸಿನಲ್ಲೇ ಸತ್ತ ಸುದ್ದಿ ನೀವೂ ಓದಿರಬಹುದು. ಅಪ್ಪನಿಗೆ ಗಡಿ ತೆರೆದೇ ಇತ್ತು, ಖರ್ಚು ಮಾತ್ರ ನಮ್ಮನ್ನು ಮುಳುಗಿಸಿತು. ಆಸ್ಪತ್ರೆ, ಮದ್ದು, ಬಸ್ಸು, ಜೊತೆಗೆ ನಿಂತವರ ಊಟ. ಮೊದಲು ಬೆಂಡೋಲೆ ಮಾರಿದರು. ಆಮೇಲೆ ಕಲ್ಲು. ಒಂದು ಸಂಜೆ ಟೆಂಪೋ ಬಂದು ಪಾಚಿ ಹಿಡಿದ ಕೆಂಪುಕಲ್ಲನ್ನೆಲ್ಲ ಹೇರಿಕೊಂಡು ಹೋಯಿತು. ಹೊಸ ಕಲ್ಲಿನ ಬೆಲೆ ಸಿಗಲಿಲ್ಲ. ಅಪ್ಪ ಆಮೇಲೆ ನಡೆದರು, ಆದರೆ ಮತ್ತೆ ಮರ ಹತ್ತಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಟೆಂಪೋದಲ್ಲಿ ಇದೆ. ಸಂಬಳದ ಮನೆಗಳಲ್ಲಿ ಇಂಥದ್ದಾದರೆ ವಿಮೆ ಇರುತ್ತದೆ, ರಜೆ ಇರುತ್ತದೆ, ಕೊಡುವ ಭಾವನೋ ಮಾವನೋ ಇರುತ್ತಾರೆ. ಅವರು ಎರಡು ವರ್ಷ ಹಿಂದೆ ಬೀಳಬಹುದು. ನಾವು ಶುರುಮಾಡಿದ ಜಾಗಕ್ಕಿಂತಲೂ ಕೆಳಗೆ ಹೋದೆವು. ಬಡತನ ಬಿಡಬೇಕಾದರೆ ಗಳಿಕೆಗಿಂತ ಮುಖ್ಯವಾಗಿ ಒಂದು ಪೆಟ್ಟನ್ನು ತಡೆದುಕೊಳ್ಳುವಷ್ಟು ಉಳಿಕೆ ಬೇಕು. ಅದು ಕೂಡಿಬರುವ ಮೊದಲೇ ಪೆಟ್ಟು ಬಂದುಬಿಡುತ್ತದೆ.

ಓದಿನಲ್ಲೂ ಅದೇ ಕಥೆ. ಹತ್ತನೇ ಕ್ಲಾಸು ಕನ್ನಡ ಮಾಧ್ಯಮ. ಮಾರ್ಕು ಚೆನ್ನಾಗಿಯೇ ಬಂತು. ಸೈನ್ಸ್ ತೆಗೆದುಕೋ ಅಂತ ಟೀಚರ್ ಹೇಳಿದರು. ಟ್ಯೂಷನ್ ಇಲ್ಲದೆ ಇಂಗ್ಲಿಷ್‌ನಲ್ಲಿ ಸೈನ್ಸ್ ಓದುವುದು, ಆಮೇಲೆ ಇನ್ನೂ ಐದಾರು ವರ್ಷ ಓದುವುದು ನಮ್ಮಿಂದ ಆಗದ ಮಾತು. ಬೇಗ ಮುಗಿಯುವುದು, ಹತ್ತಿರದಲ್ಲಿರುವುದು, ಸೋತರೂ ಹೆಚ್ಚು ಹೋಗದೇ ಇರುವುದು ಯಾವುದೋ ಅದನ್ನೇ ಬಡವರು ಆರಿಸುವುದು. ಕಾಮರ್ಸ್ ತೆಗೆದುಕೊಂಡೆ, ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದೆ. ನನಗೆ ಸೈನ್ಸ್ ಇಷ್ಟ ಇತ್ತು. ಈಗಲೂ ಇದೆ.

ನನ್ನನ್ನು ಎತ್ತಿದ್ದು ಪಿ.ಎಸ್.ಸಿ., ಅಂದರೆ ಸರಕಾರಿ ಕೆಲಸಕ್ಕೆ ಪರೀಕ್ಷೆ ನಡೆಸುವ ಲೋಕಸೇವಾ ಆಯೋಗ. ಕಾಸರಗೋಡು ಜಿಲ್ಲೆಗೆ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಪ್ರತ್ಯೇಕ ಕ್ಲರ್ಕ್ ಹುದ್ದೆ ಇದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಅಂತ ಬೆಳೆದದ್ದು ಅಲ್ಲಿ ಉಪಯೋಗಕ್ಕೆ ಬಂತು. ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ: ಕೇರಳ ಪಿ.ಎಸ್.ಸಿ.ಗೆ ಅರ್ಜಿ ಹಾಕಲು ಫೀಸ್ ಇಲ್ಲ. ಫೀಸ್ ಇರುವ ಎಷ್ಟೋ ಪರೀಕ್ಷೆಗಳನ್ನು ನಾನು ಸುಮ್ನೆ ಬಿಟ್ಟಿದ್ದೇನೆ. ಆದರೂ ಪರೀಕ್ಷೆ ಬರೆದ ಮೇಲೆ ಲಿಸ್ಟ್ ಬರಬೇಕು, ಲಿಸ್ಟ್ ಬಂದ ಮೇಲೆ ಅಡ್ವೈಸ್ ಮೆಮೊ (ನೇಮಕಕ್ಕೆ ಶಿಫಾರಸು ಮಾಡುವ ಪತ್ರ) ಬರಬೇಕು. ವರ್ಷಗಳೇ ಹೋಗುತ್ತವೆ. ಅಷ್ಟು ಕಾಯುವುದಕ್ಕೂ ಶಕ್ತಿ ಬೇಕು. ನಾನು ಹಗಲು ಜವಳಿ ಅಂಗಡಿಯಲ್ಲಿ ಬಿಲ್ ಹಾಕಿ, ರಾತ್ರಿ ಓದಿ ಕಾದೆ. ನನಗಿಂತ ಚುರುಕಾಗಿದ್ದ ಗೆಳತಿಯೊಬ್ಬಳ ಮನೆಯಲ್ಲಿ ಕಾಯಲು ಬಿಡಲಿಲ್ಲ, ಮದುವೆ ಮಾಡಿದರು. ನಾವಿಬ್ಬರೂ ಓದಿದ್ದು ಒಂದೇ ಗೈಡ್ ಪುಸ್ತಕ.

ಕೆಲಸ ಸಿಕ್ಕಿದ ಮೇಲೆ ಬಡತನ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ. ಮೊದಲ ಸಂಬಳದ ಹಿಂದೆಯೇ ರೇಷನ್ ಕಾರ್ಡ್ ಗುಲಾಬಿಯಿಂದ ಬಿಳಿ ಆಯಿತು, ಸರಕಾರಿ ನೌಕರರಿರುವ ಮನೆಗೆ ಬಡವರ ಆದ್ಯತಾ ಕಾರ್ಡ್ ಆದ ಗುಲಾಬಿ ಇಲ್ಲ. ನಿಯಮ ಸರಿಯೇ. ಆದರೆ ಸಂಬಳ ಬಂದದ್ದು ಹಿಂದಿನ ಸಾಲ ತುಂಬಿದ ಮನೆಗೆ. ಅಪ್ಪನ ಚಿಕಿತ್ಸೆಯ ಸಾಲ, ತಮ್ಮನ ಐ.ಟಿ.ಐ., ಚಿಕ್ಕಪ್ಪನ ಮಗಳ ಮದುವೆ. ಅದರ ಮೇಲೆ ಸ್ಯಾಲರಿ ಸರ್ಟಿಫಿಕೇಟ್. ಕೇರಳದಲ್ಲಿ ಚಿಟ್ಟಿ (ಚಿಟ್ ಫಂಡ್) ಹಿಡಿದು ದುಡ್ಡು ತೆಗೆಯಬೇಕಾದರೆ, ಬ್ಯಾಂಕಿನಲ್ಲಿ ಸಾಲ ಬೇಕಾದರೆ ಆ ಸರ್ಟಿಫಿಕೇಟ್ ಇಟ್ಟು ಸರಕಾರಿ ನೌಕರರ ಜಾಮೀನು ಕೇಳುತ್ತಾರೆ. ನಮ್ಮ ಕುಟುಂಬದಲ್ಲಿ, ನೆರೆಕರೆಯಲ್ಲಿ ಅಂಥವಳು ನಾನೊಬ್ಬಳೇ. "ಮಗಾ, ಒಂದು ಸೈನ್ ಹಾಕಿದರೆ ಸಾಕು" ಅಂತ ಬರುವವರು ನನಗೆ ಊಟ ಹಾಕಿದವರು. ಪಾಸ್ ಪುಸ್ತಕ ಕೊಟ್ಟ ಆ ಅಕ್ಕನೂ ಬಂದರು. ಹೇಗೆ ಇಲ್ಲ ಅನ್ನಲಿ? ಹಾಕಿದೆ. ಅವರು ಕಂತು ತಪ್ಪಿಸಲಿಲ್ಲ, ಇನ್ನೊಬ್ಬರು ತಪ್ಪಿಸಿದರು, ಅದು ನನ್ನ ಸಂಬಳದಿಂದ ಹೋಯಿತು. ನನ್ನ ಜೊತೆ ಕೆಲಸಕ್ಕೆ ಸೇರಿದ, ಅಪ್ಪ ಅಮ್ಮ ಇಬ್ಬರೂ ಟೀಚರ್ ಆಗಿದ್ದವರು ಅದೇ ಸಂಬಳದಲ್ಲಿ ಮೂರನೇ ವರ್ಷಕ್ಕೆ ಕಾರು ತೆಗೆದುಕೊಂಡರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಸಂಬಳದ ಚೀಟಿ ಒಂದೇ ರೀತಿ ಇದ್ದರೂ ಅದು ಹೋಗಿ ಸೇರುವ ಮನೆಗಳು ಬೇರೆ.

ಮನಸ್ಥಿತಿಯ ಬಗ್ಗೆ ಕೇಳಿದಿರಿ. ಅಮ್ಮ ಇವತ್ತಿಗೂ ಹೊಸ ಬೆಡ್‌ಶೀಟ್ ತೆಗೆಯದೆ ಕಪಾಟಿನಲ್ಲಿಡುತ್ತಾರೆ. ನಾನು ಬ್ಯಾಂಕಿನಲ್ಲಿ ಸ್ವಲ್ಪ ದುಡ್ಡು ಕಂಡರೆ ಖುಷಿಪಡುವ ಬದಲು ಇನ್ನು ಯಾರಿಗೆ ಏನಾಗುತ್ತದೋ ಅಂತ ಹೆದರುತ್ತೇನೆ. ಈ ಹೆದರಿಕೆ ಬಡತನದಿಂದ ಬಂದದ್ದು. ಹೆದರಿಕೆಯಿಂದ ಬಡತನ ಬಂತು ಅಂತ ತಿರುಗಿಸಿ ಹೇಳಬೇಡಿ, ಅದು ಅಪ್ಪ ಅಮ್ಮನಂಥವರಿಗೆ ಮಾಡುವ ಅನ್ಯಾಯ.

ನೀವು ಸುಮ್ನೆ ಕುತೂಹಲಕ್ಕೆ ಕೇಳಿದ್ದಲ್ಲ, ಯಾರಿಗೋ ಸಹಾಯ ಆಗಲಿ ಅಂತ ಕೇಳಿದ್ದಾದರೆ ಇಷ್ಟು ಮಾಡಿ. ಬೀಡಿ ಕಟ್ಟುವ ಮನೆ ಗೊತ್ತಿದ್ದರೆ ಪಾಸ್ ಪುಸ್ತಕ ಯಾರ ಹೆಸರಿನಲ್ಲಿದೆ ಅಂತ ಮೊದಲು ಕೇಳಿ. ಅವರ ಹೆಸರಿನಲ್ಲೇ ಇದ್ದರೆ ಮಕ್ಕಳ ವಿದ್ಯಾರ್ಥಿವೇತನಕ್ಕೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ, ಬೀಡಿ ಕಾರ್ಮಿಕರ ಗುರುತು ಚೀಟಿ ಬೇಕಾಗುತ್ತದೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿದ್ದರೆ ಹದಿನೆಂಟು ತುಂಬಿದ ಕೂಡಲೇ ಪಿ.ಎಸ್.ಸಿ.ಯಲ್ಲಿ ರಿಜಿಸ್ಟರ್ ಮಾಡಿಸಿ. ಮಲಯಾಳ ಮಾತಾಡಲು ಬಂದರೆ ಸಾಲದು, ಓದಲು ಬರೆಯಲು ಈಗಲೇ ಕಲಿಯಲಿ.