ಪ್ರೋಟಾನಿನ ತೂಕವೆಲ್ಲ ‘ಮಿಥ್ಯಾ ಕಣ’ಗಳದ್ದೇ?

ಪ್ರೋಟಾನಿನ ದ್ರವ್ಯರಾಶಿ ಬಹುಪಾಲು ಮಿಥ್ಯಾ ಕಣಗಳಿಂದ ಬರುವುದಾದರೆ ನಾವೆಲ್ಲ ಇಲ್ಲದ ವಸ್ತುವಿನಿಂದ ಆದವರೇ ಎಂದು ಕೇಳಿದ್ದೀರಿ. ಅರ್ಧ ಗೊಂದಲ ಇಂಗ್ಲಿಷಿನ ‘ವರ್ಚುವಲ್’ಗೆ ‘ಮಿಥ್ಯಾ’ ಎಂದು ಮಾಡಿದ ಅನುವಾದದ್ದೇ. ಆ ಪದ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಹಗ್ಗ-ಹಾವಿನ ದೃಷ್ಟಾಂತದತ್ತ ಓಡುತ್ತದೆ. ಕೋಲಾರದಲ್ಲಿ ಭೌತವಿಜ್ಞಾನ ಪಾಠ ಮಾಡುವ ನಾನು ಇದನ್ನು ಹೇಳಲು ಇಲ್ಲಿನ ಮಂಡಿಯ ಟೊಮೆಟೊ ಬಾಕ್ಸನ್ನೇ ಹಿಡಿಯುತ್ತೇನೆ.

ತಕ್ಕಡಿಯ ಮೇಲೆ 15 ಕೆ.ಜಿ.ಯ ಬಾಕ್ಸ್ ಇದೆ ಎನ್ನಿ. ಅದರಲ್ಲಿನ ಎಲೆಕ್ಟ್ರಾನ್‌ಗಳೆಲ್ಲ ಸೇರಿದರೂ 5 ಗ್ರಾಂ ಆಗುವುದಿಲ್ಲ. ಮಿಕ್ಕಿದ್ದೆಲ್ಲ ಪ್ರೋಟಾನ್, ನ್ಯೂಟ್ರಾನ್‌ಗಳ ತೂಕ. ಪ್ರೋಟಾನಿನ ದ್ರವ್ಯರಾಶಿ 938 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ದ್ರವ್ಯರಾಶಿಯನ್ನು ಶಕ್ತಿಯ ಲೆಕ್ಕದಲ್ಲಿ ಅಳೆಯುವ ಮಾನ ಇದು). ಅದರೊಳಗೆ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳಿವೆ: ಎರಡು ‘ಅಪ್’, ಒಂದು ‘ಡೌನ್’. ಮೂಲಕಣಗಳಿಗೆ ದ್ರವ್ಯರಾಶಿ ಕೊಡುವ, ಎಲ್ಲೆಡೆ ಹರಡಿದ ಹಿಗ್ಸ್ ಕ್ಷೇತ್ರದಿಂದ ಇವು ಪಡೆದದ್ದನ್ನು ಕೂಡಿದರೆ ಬರೀ 9, ಅಂದರೆ ಸುಮಾರು ಶೇ 1. ಬಾಕ್ಸಿನ ಲೆಕ್ಕದಲ್ಲಿ ಅದು ಸುಮಾರು 150 ಗ್ರಾಂ, ಅಂದರೆ ಎರಡು ಹಣ್ಣು.

ಉಳಿದದ್ದು ಶಕ್ತಿ. ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ಜಾಗದಲ್ಲಿ ಕೂಡಿಹಾಕಿದ ಕ್ವಾರ್ಕ್‌ಗಳು ಬೆಳಕಿನ ವೇಗದ ಸಮೀಪದಲ್ಲಿ ಓಡಾಡುತ್ತವೆ. ಅವನ್ನು ಬಿಗಿದಿಟ್ಟ ಗ್ಲುವಾನ್‌ಗಳಿಗೆ ಸ್ವಂತ ದ್ರವ್ಯರಾಶಿ ಇಲ್ಲದಿದ್ದರೂ ಅವುಗಳ ಬಲಕ್ಷೇತ್ರದಲ್ಲಿ ಸೆರೆಯಾದ ಶಕ್ತಿ ಐನ್‌ಸ್ಟೈನರ ಸಮೀಕರಣದಂತೆ ತಕ್ಕಡಿಯಲ್ಲಿ ತೂಗಿಯೇ ತೂಗುತ್ತದೆ.

ಇನ್ನು ಮಿಥ್ಯಾ ಕಣಗಳು. ಕ್ಷೇತ್ರಗಳ ಪರಸ್ಪರ ಕ್ರಿಯೆಯನ್ನು ಕಂತು ಕಂತಾಗಿ ಲೆಕ್ಕ ಹಾಕುವಾಗ ನಡುವೆ ಬರುವ ಗಣಿತದ ತುಣುಕುಗಳಿಗೆ ಇಟ್ಟ ಹೆಸರು ಅದು. ಎಲೆಕ್ಟ್ರಾನಿನ ವಿಷಯದಲ್ಲಿ ಕಂತುಗಳು ಬೇಗಬೇಗನೆ ಕಿರಿದಾಗುವುದರಿಂದ ಲೆಕ್ಕ ಸೊಗಸಾಗಿ ಕೂಡಿಬರುತ್ತದೆ; ಪ್ರೋಟಾನಿನೊಳಗೆ ಬಲ ಅದೆಷ್ಟು ತೀವ್ರವೆಂದರೆ ಅವು ಕಿರಿದಾಗುವುದೇ ಇಲ್ಲ. ಹಾಗಾಗಿ ದೇಶಕಾಲವನ್ನು ಚೌಕುಳಿಗಳಾಗಿ ಭಾಗಿಸಿ, ಇಡೀ ಕ್ಷೇತ್ರವನ್ನೇ ಸೂಪರ್‌ಕಂಪ್ಯೂಟರಿಗೆ ಒಪ್ಪಿಸುತ್ತಾರೆ. 2018ರಲ್ಲಿ ಪ್ರಕಟವಾದ ಇಂಥ ಒಂದು ಲೆಕ್ಕದ ಪ್ರಕಾರ ಕ್ವಾರ್ಕ್‌ಗಳ ಶಕ್ತಿಯ ಪಾಲು ಶೇ 32, ಗ್ಲುವಾನ್ ಕ್ಷೇತ್ರದ್ದು ಶೇ 36, ಒಂದು ಶುದ್ಧ ಕ್ವಾಂಟಂ ಪರಿಣಾಮದ್ದು ಶೇ 23, ಕ್ವಾರ್ಕ್ ದ್ರವ್ಯರಾಶಿಯದ್ದು ಶೇ 9. ನಮ್ಮ ಶೇ 1 ಇಲ್ಲಿ 9 ಆದದ್ದು, ಕ್ಷೇತ್ರದಲ್ಲಿ ಮೂಡುವ ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿಗಳ ಪಾಲೂ ಸೇರಿದ್ದರಿಂದ. ನೀವು ಓದಿದ ‘ಮಿಥ್ಯಾ ಕಣ’ಗಳು ಬಹುಶಃ ಇವೇ; ಇವನ್ನು ಚಿಕ್ಕ ಗೋಲಿಗಳೆಂದು ಎಣಿಸುವುದಕ್ಕಿಂತ ಕ್ಷೇತ್ರದ ಸ್ಥಿತಿ ಎನ್ನುವುದು ಮೇಲು.

ಹಾಗೆಂದು ಹಿಗ್ಸ್ ಕೊಟ್ಟ ಆ ಎರಡು ಹಣ್ಣನ್ನು ಕಡೆಗಣಿಸುವಂತಿಲ್ಲ. ಅಪ್‌ಗಿಂತ ಡೌನ್ ಕ್ವಾರ್ಕ್ ಭಾರವಾದ್ದರಿಂದಲೇ, ಎರಡು ಡೌನ್, ಒಂದು ಅಪ್ ಇರುವ ನ್ಯೂಟ್ರಾನ್ ಪ್ರೋಟಾನಿಗಿಂತ 1.3 ಮೆಗಾ ಎಲೆಕ್ಟ್ರಾನ್ ವೋಲ್ಟ್ ಹೆಚ್ಚು ತೂಗುತ್ತದೆ. ಅದು ತಿರುವುಮುರುವಾಗಿದ್ದರೆ ಒಂಟಿ ಪ್ರೋಟಾನ್‌ಗಳೇ ಕ್ಷಯಿಸಿ ನ್ಯೂಟ್ರಾನ್ ಆಗುತ್ತಿದ್ದವು. ಹೈಡ್ರೋಜನ್ ಉಳಿಯುತ್ತಿರಲಿಲ್ಲ, ಬಾಕ್ಸಿನಲ್ಲಿ ಶೇ 90ಕ್ಕೂ ಮಿಕ್ಕಿ ಇರುವ ನೀರೂ ಇರುತ್ತಿರಲಿಲ್ಲ.